ಮಾನವವಿಕಾಸದ ಮೂಲಸೂತ್ರಗಳು: ಬಿನ್ನಿಪೇಟೆಯ ನಿಕಷದಲ್ಲಿ ಒಂದು ವಿಮರ್ಶೆ

ವಿಕಾಸವು ಒಂದು ಕ್ರಮವನ್ನನುಸರಿಸುತ್ತದೆ. ತಲೆಯಿಂದ ಕಾಲಿನ ಕಡೆಗೂ ನಡುವಿನಿಂದ ಅಂಚಿನ ಕಡೆಗೂ ಸಾಗುತ್ತದೆ. ಅದರ ವೇಗ ಮಾತ್ರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ. ಮನೋವಿಜ್ಞಾನದ ಪಠ್ಯಗ್ರಂಥಗಳು ಆರಂಭದಲ್ಲಿಯೇ ವಿಧಿಸುವ ಈ ಸೂತ್ರಗಳು ಶಿಶುವಿನ ವಿಷಯದಲ್ಲಿ ಬಹುಮಟ್ಟಿಗೆ ನಿಲ್ಲತಕ್ಕವು. ಕತ್ತು ನಿಲ್ಲದೆ ಕೂಸು ಕೂರಲಾರದು. ಇಡೀ ಅಂಗೈಯಿಂದ ಹಿಡಿದ ಬಳಿಕವೇ ಅದು ಬೆರಳ ತುದಿಯಿಂದ ಕಾಳನ್ನು ಹೆಕ್ಕುತ್ತದೆ. ಆದರೆ ಇದೇ ನಿಶ್ಚಯವನ್ನು ತಾರುಣ್ಯಕ್ಕೂ ವಾರ್ಧಕ್ಯಕ್ಕೂ ವಿಸ್ತರಿಸುವುದು ಸಾಧುವೇ ಎಂಬುದು ನಮ್ಮ ಪ್ರಶ್ನೆ.

ಇದಕ್ಕೆ ಉತ್ತರವನ್ನು ದೂರ ಅರಸಬೇಕಾಗಿಲ್ಲ. ಬೆಂಗಳೂರಿನ ಬಿನ್ನಿಪೇಟೆಯು 1884ರಲ್ಲಿ ಸ್ಥಾಪಿತವಾಗಿ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದ ಬಟ್ಟೆಯ ಗಿರಣಿಯಿಂದ ಹೆಸರು ಪಡೆದ ಬಡಾವಣೆ. ಗಿರಣಿಯನ್ನೇ ನೆಚ್ಚಿದ ಮನೆಯಲ್ಲಿ ಬಾಲ್ಯವು ಎಂದು ಮುಗಿಯುತ್ತದೆ? ಬ್ರಿಟಿಷ್ ಭಾರತದ ಕಾರ್ಖಾನೆ ಕಾಯಿದೆಗಳು ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸನ್ನು 1881ರಲ್ಲಿ 7 ವರ್ಷವೆಂದೂ, 1891ರಲ್ಲಿ 9 ಎಂದೂ, 1922ರಲ್ಲಿ 12 ಎಂದೂ ಗೊತ್ತುಮಾಡಿದುವು. ಸ್ವತಂತ್ರ ಭಾರತದ 1948ರ ಕಾಯಿದೆ 14 ಎಂದಿತು. ಈ ಅರುವತ್ತೇಳು ವರ್ಷಗಳಲ್ಲಿ ಮಗುವಿನ ಎಲುಬಿನ ಬೆಳೆವಣಿಗೆಯ ಕ್ರಮವೇನೂ ಬದಲಾಗಲಿಲ್ಲ. ಅಷ್ಟೇ ಅಲ್ಲ, 1948ರ ಕಾಯಿದೆಯು ಹದಿನೈದು ತುಂಬಿ ಹದಿನೆಂಟು ತುಂಬದವನನ್ನು ತರುಣನೆಂದು ಕರೆದು, ವೈದ್ಯನು ಅರ್ಹತಾಪತ್ರವನ್ನಿತ್ತರೆ ಅವನನ್ನೇ ಕೆಲಸದ ಮಟ್ಟಿಗೆ ವಯಸ್ಕನೆಂದು ಎಣಿಸಿತು. ಒಂದು ಹಂತವು ಕಾಗದದ ಮೇಲೆ ದಾಟಿಹೋಯಿತು!

ಎರಿಕ್ ಎರಿಕ್ಸನ್ನರು 1950ರ ತಮ್ಮ ಗ್ರಂಥದಲ್ಲಿ ಆಯುಷ್ಯವನ್ನು ಎಂಟು ಹಂತಗಳಾಗಿ ವಿಭಾಗಿಸಿದರು. ವಿಕಾಸವು ಬಾಲ್ಯದೊಡನೆ ಮುಗಿಯುವುದಿಲ್ಲವೆಂದು ತೋರಿದ್ದು ಅವರ ದೊಡ್ಡ ಉಪಕಾರ. ಅವರು ಅಮೆರಿಕದ ಮೂಲನಿವಾಸಿಗಳ ಶಿಶುಪಾಲನೆಯನ್ನೂ ಪರಿಶೀಲಿಸಿದವರಾದುದರಿಂದ ಸಮಾಜವನ್ನು ಮರೆತರೆಂದು ದೂಷಿಸುವುದು ನ್ಯಾಯವಲ್ಲ. ದೋಷವಿರುವುದು ಆ ವಿಚಾರವನ್ನು ಎಂಟು ಸಾಲುಗಳ ಕೋಷ್ಟಕವಾಗಿ ಒಣಗಿಸಿದ ಪಠ್ಯಗಳಲ್ಲಿ. ತಾನಾರೆಂದು ಅರಸಲು ತರುಣನಿಗೆ ಬಿಡುವು ಬೇಕೆಂದು ಎರಿಕ್ಸನ್ನರು ಹೇಳಿದರು. ತಂದೆಯ ಹಿಂದೆ ಪಾಳಿಗೆ ಹೋಗಬೇಕಾದ ಹುಡುಗನಿಗೆ ಆ ಬಿಡುವನ್ನು ಕೊಡುವವರು ಯಾರು? ಅದಿಲ್ಲದ ಮಾತ್ರಕ್ಕೆ ಅವನ ವಿಕಾಸವು ಕುಂಠಿತವೆನ್ನಬಹುದೆ?

ಪಾಲ್ ಬಾಲ್ಟಸರು 1987ರಲ್ಲಿ ಮಂಡಿಸಿದ ತತ್ತ್ವಗಳು ಇಲ್ಲಿ ಹೆಚ್ಚು ಸಹಾಯಕವಾಗಿವೆ. ವಿಕಾಸವು ಆಜೀವಪರ್ಯಂತವಾದುದು, ಹಲವು ದಿಕ್ಕಿನದು; ಪ್ರತಿ ವಯಸ್ಸಿನಲ್ಲಿಯೂ ಲಾಭನಷ್ಟಗಳೆರಡೂ ಉಂಟು; ಚರಿತ್ರೆಯೂ ಅದನ್ನು ರೂಪಿಸುತ್ತದೆ. ಕಣ್ಣು ಮಂದವಾದ ನೇಕಾರನು ಎಳೆ ಕಡಿದುದನ್ನು ಕೈಯ ಅನುಭವದಿಂದ ಅರಿಯಬಲ್ಲನೆಂದರೆ ಅದು ಕೇವಲ ಕ್ಷಯವಲ್ಲ. ಆದರೆ ಈ ಲೆಕ್ಕವೂ ಅಪೂರ್ಣವೆಂದು ನಮಗೆ ತೋರುತ್ತದೆ. ಗಿರಣಿಯು ನಿಂತುಹೋಗಿದೆ, ಆ ನೆಲದ ಮೇಲೆ ಈಗ ವಸತಿ ಸಮುಚ್ಚಯಗಳೆದ್ದಿವೆ. ಗಿರಣಿಯ ಬಾಗಿಲು ಮುಚ್ಚಿದಾಗ ನಡುವಯಸ್ಸಿನ ಕೆಲಸಗಾರನ ಕೈಗುಣವು ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡರೆ, ಆ ನಷ್ಟವನ್ನು ವಯಸ್ಸಿನ ಖಾತೆಗೆ ಬರೆಯಲಾಗದು. ನಷ್ಟವು ಎಷ್ಟೆಂಬುದರ ಜೊತೆಗೆ, ಅದು ಎಲ್ಲಿಂದ ಬಂದಿತು, ಯಾರ ಮೇಲೆ ಬಿದ್ದಿತು ಎಂಬುದನ್ನೂ ಶಾಸ್ತ್ರವು ಕೇಳತಕ್ಕದ್ದು.

ಆದುದರಿಂದ ಸೂತ್ರಗಳನ್ನು ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ದೇಹಪಕ್ವತೆಯಿಂದ ಬಂದ ಕ್ರಮವನ್ನೂ ಕಾಯಿದೆ, ಕೂಲಿ, ಶಾಲೆಗಳು ನಿರ್ಮಿಸಿದ ಕ್ರಮವನ್ನೂ ಬೇರೆಬೇರೆಯಾಗಿ ಗುರುತಿಸಬೇಕೆಂಬುದೇ ನಮ್ಮ ಅಭಿಪ್ರಾಯ. ಇವೆರಡನ್ನೂ ಬೆರೆಸಿದ ಅಧ್ಯಾಪಕನು ಬಡವರ ಮಗುವನ್ನು ಹಿಂದುಳಿದುದೆಂದೂ ಕೆಲಸ ಕಳೆದುಕೊಂಡವನನ್ನು ಮುಪ್ಪಾದವನೆಂದೂ ಬರೆದಿಡುವನು; ಮನುಷ್ಯರು ಮಾಡಿದುದು ಪ್ರಕೃತಿಯ ಹೆಸರಿನಲ್ಲಿ ಕ್ಷಮೆ ಪಡೆಯುವುದು.