ಜಗಲಿಯ ಅಗ್ರಹಾರ, ಒಳಮನೆಯ ಅಗ್ರಹಾರ

ಪಟ್ಟಾಭಿರಾಮ ರೆಡ್ಡಿಯವರು ‘ಸಂಸ್ಕಾರ’ ಚಿತ್ರವನ್ನು (1970) ಬಹುಪಾಲು ತೆಗೆದದ್ದು ಶೃಂಗೇರಿ ಪಕ್ಕದ ವೈಕುಂಠಪುರದಲ್ಲಿ. ಅಗ್ರಹಾರದ ಆಚಾರ ಮೀರಿ ಬಾಳಿ ಸತ್ತ ನಾರಣಪ್ಪನ ಹೆಣ ಸಂಸ್ಕಾರವಿಲ್ಲದೆ ಕೊಳೆಯುತ್ತಿರುತ್ತದೆ, ಬ್ರಾಹ್ಮಣರು ಜಗಲಿಯಲ್ಲಿ ಕೂತು ಧರ್ಮಸೂಕ್ಷ್ಮ ಹುಡುಕುತ್ತಿರುತ್ತಾರೆ. ಅನಂತಮೂರ್ತಿಯವರ ಮೂಲ ಕಾದಂಬರಿ ಬಂದದ್ದು 1965ರಲ್ಲಿ. ಅಂದಿನಿಂದ ನಮ್ಮ ಚರ್ಚೆಯೆಲ್ಲ ಆ ಜಗಲಿಯಲ್ಲೇ ಕೂತಿದೆ. ಈ ವಾರ ಹೊಸಿಲು ದಾಟಿ ಒಳಗೆ ಹೋಗೋಣ.

ದಾರಿ ತೋರಿಸುವವರು ಎಂ.ಕೆ. ಇಂದಿರಾ. ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಮೂಲ ಊರು ನರಸಿಂಹರಾಜಪುರ. ಶಾಲೆ ಕಲಿತದ್ದು ಏಳು ವರ್ಷ, ಮದುವೆ ಹನ್ನೆರಡಕ್ಕೆ. ಮೊದಲ ಕಾದಂಬರಿ ‘ತುಂಗಭದ್ರಾ’ ಅಚ್ಚಾದಾಗ 1963, ಅಂದರೆ ವಯಸ್ಸು ನಲವತ್ತೈದು ದಾಟಿತ್ತು. ತುಂಗೆ ಶೃಂಗೇರಿಯ ಹೊಳೆ, ಭದ್ರೆ ಬಾಳೆಹೊನ್ನೂರಿನದು. ಹೆಸರಿನಲ್ಲೇ ಸೀಮೆಯೆಲ್ಲ ಬಂದುಬಿಟ್ಟಿದೆ.

ಅವರ ದೊಡ್ಡ ಕೃತಿ ‘ಫಣಿಯಮ್ಮ’ (1976). ಬಾಲ್ಯದಲ್ಲೇ ವಿಧವೆಯಾಗಿ, ಕೇಶಮುಂಡನಕ್ಕೆ ತಲೆಯೊಡ್ಡಿ, ನೂರು ವರ್ಷ ಮೀರಿ ಬದುಕಿದ ನಿಜವಾದ ಹೆಂಗಸೊಬ್ಬರ ಕಥೆ. ಆಕೆ ಇಂದಿರಾ ಅವರ ತಾಯಿಗೆ ಹೇಳಿಕೊಂಡದ್ದು ತಾಯಿಯಿಂದ ಮಗಳ ಕಿವಿಗೆ ಬಂತು. ಪುಸ್ತಕದ ಧಾಟಿಯೂ ಹಾಗೆಯೇ. ಮಾತು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನುಗ್ಗುತ್ತದೆ. ಯಾರ ಮದುವೆ, ಯಾರ ಬಾಣಂತನ ಎಂದು ಅಲೆಯುತ್ತದೆ. ಇದನ್ನು ಶಿಥಿಲ ಬಂಧ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಒಳಮನೆಯಲ್ಲಿ ಕಥೆ ಹುಟ್ಟುವುದೇ ಹೀಗೆ. ಅದನ್ನು ನೇರ ಮಾಡಿದ್ದರೆ ಫಣಿಯಮ್ಮ ಬರೀ ಒಂದು ಸಾಮಾಜಿಕ ಸಮಸ್ಯೆಯಾಗಿಬಿಡುತ್ತಿದ್ದಳು.

ಫಣಿಯಮ್ಮನಿಗೆ ಸಿಟ್ಟು ಬರುವುದಿಲ್ಲವೆಂದಲ್ಲ, ಆದರೆ ಅದು ಕೂಗಾಟಕ್ಕೆ ಇಳಿಯುವುದಿಲ್ಲ. ತಾನು ಬಿಗಿ ಮಡಿಯಲ್ಲೇ ಇದ್ದು, ಕೆಳಜಾತಿಯ ಹೆಂಗಸು ಹೆರಿಗೆಯಲ್ಲಿ ಒದ್ದಾಡುವಾಗ ಆ ಮಡಿಯನ್ನು ಬದಿಗಿಟ್ಟು ಕೈಹಾಕುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿ ಮೈದುನನಿಂದ ಬಸಿರಾದಾಗ ಮನೆಯವರೆಲ್ಲ ಎಗರಾಡುತ್ತಾರೆ. ಅವಳ ಪರ ನಿಲ್ಲುವವಳು ಈ ಬೋಳುತಲೆಯ ಮುದುಕಿಯೇ. 1983ರಲ್ಲಿ ಪ್ರೇಮಾ ಕಾರಂತ ಈ ಕಾದಂಬರಿಯನ್ನು ಸಿನಿಮಾ ಮಾಡಿದರು. ಎಲ್.ವಿ. ಶಾರದಾ ಅವರ ಅಭಿನಯವೂ ಈ ಹದದಲ್ಲೇ ಇದೆ, ಕಣ್ಣೇ ಹೆಚ್ಚು ಮಾತಾಡುತ್ತದೆ.

ಒಳಮನೆಯನ್ನು ಮರೆತ ಹಾಗೆ ತಾಯಂದಿರ ತವರನ್ನೂ ನಾವು ಮರೆಯುತ್ತೇವೆ ಎಂಬುದಕ್ಕೆ ಸಾಕ್ಷಿ ಇದೇ ಸೀಮೆಯ ಕೊಪ್ಪ ತಾಲ್ಲೂಕಿನಲ್ಲಿದೆ. 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದ್ದು ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಲ್ಲಿ. ಬಸ್ಸು ತುಂಬ ಜನ ಹೋಗುವುದು ಮಾತ್ರ ತಂದೆಯ ಮನೆ ಕುಪ್ಪಳಿಗೆ.

‘ಸಂಸ್ಕಾರ’ವನ್ನು ಕೀಳುಗಳೆಯುವುದು ನನ್ನ ಉದ್ದೇಶವಲ್ಲ, ಅದು ಎತ್ತಿದ ಪ್ರಶ್ನೆಯೇ ಬೇರೆ. ಆದರೆ ಅದರಲ್ಲಿ ಅಗ್ರಹಾರದ ಹೆಂಡಿರು ಹೇಗಿದ್ದಾರೆ ನೋಡಿ. ನಾಯಕನ ಹೆಂಡತಿ ಭಾಗೀರಥಿ ಹಾಸಿಗೆ ಹಿಡಿದ ರೋಗಿ. ಸೀತಾದೇವಿ, ಅನಸೂಯಾ ಇಬ್ಬರಿಗೂ ನಾರಣಪ್ಪನ ಜೊತೆಗಿದ್ದ ಚಂದ್ರಿ ಅವನ ಸಂಸ್ಕಾರಕ್ಕೆಂದು ಬಿಚ್ಚಿಟ್ಟ ಚಿನ್ನದ ಮೇಲೆ ಕಣ್ಣು. ಚೆಲುವು, ಉಸಿರು ಎಲ್ಲ ಅಗ್ರಹಾರದ ಆಚೆಯಿಂದ ಬಂದ ಚಂದ್ರಿಗೇ ಮೀಸಲು. ಜಗಲಿಯಿಂದ ಕಂಡದ್ದು ಅಷ್ಟು. ಇಂಥದೇ ಮನೆಗಳ ಹೆಂಗಸರು ಯಾಕೆ ಹಾಗೆ ಬತ್ತಿದರು, ಬತ್ತಿಯೂ ಕೆಲವರು ಹೇಗೆ ಮೆತ್ತಗುಳಿದರು ಎಂಬುದಕ್ಕೆ ಇಂದಿರಾ ಅವರನ್ನೇ ಓದಬೇಕು.