ಕ್ರಾಸಿಂಗ್ ಕೂಲಿ ಮತ್ತು ಕಂಪನಿಗಳ ಹೊಣೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತಲಿನ ಬೀಜೋತ್ಪಾದನೆ ಹೊಲಗಳಲ್ಲಿ ಹೈಬ್ರಿಡ್ ಬೀಜ ಹುಟ್ಟುವುದು ಕೂಲಿಯವರ ಕೈಯಲ್ಲಿ. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಸವರಬೇಕು. ಹತ್ತಿ, ಟೊಮೆಟೊ, ಬೆಂಡೆ, ಮೆಣಸಿನಕಾಯಿಗಳಿಗೆಲ್ಲ ಈ 'ಕ್ರಾಸಿಂಗ್' ಆಗಲೇಬೇಕು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಾತರಕಿ ವರಲಕ್ಷ್ಮಿ ಹತ್ತಿಯನ್ನು ರೂಪಿಸಿದ ಮೇಲೆ ಹೈಬ್ರಿಡ್ ಬೀಜಕ್ಕೆ ಬೇಡಿಕೆ ಏರುತ್ತ ಹೋಯಿತು. ದುಡಿದವರಲ್ಲಿ ಹೆಚ್ಚಿನವರು ಹೆಂಗಸರು, ಅವರ ಜೊತೆ ಮಕ್ಕಳು.

ಕೃಷಿ ಕಂಪನಿಗಳ ಸಾಮಾಜಿಕ ಹೊಣೆಯನ್ನು ಅಳೆಯಬೇಕಾದ ಜಾಗ ಇದು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಈ ಸಾಮಾಜಿಕ ಹೊಣೆಗೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಶಾಲಾ ಕೊಠಡಿ, ಕುಡಿಯುವ ನೀರು, ಆರೋಗ್ಯ ಶಿಬಿರ ಎಲ್ಲವೂ ಊರಿಗೆ ಬೇಕಾದವೇ. ಆದರೆ ಕಂಪನಿಯ ಸಾಮಾನ್ಯ ವ್ಯವಹಾರಕ್ಕೆ ಸೇರಿದ್ದನ್ನು ನಿಯಮ ಈ ಲೆಕ್ಕದಿಂದ ಹೊರಗಿಟ್ಟಿದೆ. ಹೀಗಾಗಿ ರೈತನ ಮಗಳಿಗೆ ಕೊಟ್ಟ ಸ್ಕೂಲ್ ಬ್ಯಾಗು ಸಿಎಸ್‌ಆರ್ ಆಗುತ್ತದೆ. ಅದೇ ರೈತನ ಬೀಜಕ್ಕೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಆಗುವುದಿಲ್ಲ.

ಎಡವಟ್ಟು ಇರುವುದು ಇಲ್ಲಿಯೇ.

ಕ್ರಾಸಿಂಗ್ ಕೂಲಿಯನ್ನು ಕೊಡುವವನು ರೈತ. ಕಂಪನಿ ಆರ್ಗನೈಜರ್ ಎಂಬ ಮಧ್ಯವರ್ತಿಯ ಮೂಲಕ ಮೂಲ ಬೀಜ ಕೊಟ್ಟು, ಖರೀದಿ ದರ ಗೊತ್ತುಮಾಡುತ್ತದೆ. ಮೊಳಕೆ, ತಳಿ ಶುದ್ಧತೆಯ ಪರೀಕ್ಷೆಯಲ್ಲಿ ಲಾಟ್ ಫೇಲಾದರೆ ನಷ್ಟ ರೈತನದು. ಖರ್ಚಿನ ದೊಡ್ಡ ಪಾಲು ಕೂಲಿಯೇ ಆದ್ದರಿಂದ, ದರ ಗಿಟ್ಟದಿದ್ದಾಗ ಅವನು ಅಗ್ಗದ ಆಳು ಹುಡುಕುತ್ತಾನೆ. ಆಂಧ್ರದ ಹತ್ತಿ ಬೀಜದ ಹೊಲಗಳ ಬಗ್ಗೆ ದಾವುಲೂರಿ ವೆಂಕಟೇಶ್ವರ್ಲು ಮತ್ತು ಲೂಸಿಯಾ ಡ ಕೋರ್ಟಾ 2005ರಲ್ಲಿ ಬರೆದ 'ದಿ ಪ್ರೈಸ್ ಆಫ್ ಚೈಲ್ಡ್‌ಹುಡ್' ವರದಿ, ಖರೀದಿ ದರಕ್ಕೂ ಬಾಲ ಕಾರ್ಮಿಕರಿಗೂ ಇರುವ ಈ ನಂಟನ್ನೇ ಮುಂದಿಟ್ಟಿತು. ಕರ್ನಾಟಕದ ತರಕಾರಿ ಬೀಜದ ಹೊಲಗಳಲ್ಲೂ ಮಕ್ಕಳು ದುಡಿಯುತ್ತಿದ್ದುದನ್ನು 2010ರ ಇನ್ನೊಂದು ಅಧ್ಯಯನ ದಾಖಲಿಸಿತು. ಟೀಕೆ ಬಲವಾದಾಗ ಬೇಯರ್ ಕಂಪನಿ ಹೊಲಗಳ ತಪಾಸಣೆ ಶುರುಮಾಡಿ, ಮಕ್ಕಳನ್ನು ದುಡಿಸದ ರೈತರಿಗೆ ಖರೀದಿ ದರದ ಮೇಲೆ ಶೇ. 5 ಬೋನಸ್ ಕೊಟ್ಟಿತು. ಮೊತ್ತ ಸಣ್ಣದು, ಹೊರಗಿನ ಒತ್ತಡವಿಲ್ಲದೆ ಬಂದದ್ದೂ ಅಲ್ಲ. ಆದರೂ ಕೇಡಿನ ಮೂಲ ದರದಲ್ಲಿದೆ ಎಂದು ಅದು ಒಪ್ಪಿಕೊಂಡಿತು. ಆ ಕಾರಣಕ್ಕೆ ಎಷ್ಟೋ ಸ್ಮಾರ್ಟ್ ಕ್ಲಾಸುಗಳಿಗಿಂತ ಈ ಕ್ರಮ ಮೇಲು.

ಬ್ಯಾಡಗಿಯಲ್ಲೂ ತಕರಾರು ದರದ್ದೇ. ಅಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಅದರ ಕೆಂಪು ಬಣ್ಣ ಓಲಿಯೋರೆಸಿನ್ ಆಗಿ ಆಹಾರ ಉದ್ಯಮಕ್ಕೂ ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. ಹೀಗಿದ್ದೂ 2024ರ ಮಾರ್ಚ್ 11ರಂದು ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಆ ಬಣ್ಣದಿಂದ ಲಾಭ ಮಾಡುವ ಕಂಪನಿಗಳು ಬಿತ್ತನೆಗೆ ಮುಂಚೆಯೇ ಕನಿಷ್ಠ ದರದ ಲಿಖಿತ ಕರಾರು ಮಾಡಿಕೊಳ್ಳುವುದಾದರೆ, ಅದನ್ನು ಸಾಮಾಜಿಕ ಹೊಣೆ ಎಂದು ಧೈರ್ಯವಾಗಿ ಕರೆಯಬಹುದು.

ಕಂಪನಿಗಳು ಸಿಎಸ್‌ಆರ್ ಖರ್ಚಿನ ಪಕ್ಕದಲ್ಲೇ ತಾಲ್ಲೂಕುವಾರು ಖರೀದಿ ದರ, ಕ್ರಾಸಿಂಗ್ ಕೂಲಿ, ಫೇಲಾದ ಲಾಟ್‌ಗಳ ವಿವರವನ್ನು ಕನ್ನಡದಲ್ಲಿ ಪ್ರಕಟಿಸಲಿ. ಹಾವೇರಿ ಜಿಲ್ಲಾಡಳಿತ ಅದನ್ನು ಕೇಳಿ ಪಡೆಯಲಿ.