ಮೈಸೂರಿನ ಹಣ, ಮಾಸ್ಕೋದ ಕತೆಗಾರ

ಯಳಂದೂರಿನ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಮೆಟ್ನರ್‌ನ ಪಿಯಾನೋ ಸಂಗೀತ ಕೇಳಬೇಕೆಂದು ಅವರಿಗೆ ಆಸೆ. ಗಿಲೆಲ್ಸ್ ನುಡಿಸಿದ್ದಿದೆ, ಹ್ಯಾಮೆಲಿನ್ ನುಡಿಸಿದ್ದಿದೆ, ಬೆರೆಜೋವ್‌ಸ್ಕಿ ನುಡಿಸಿದ್ದೂ ಇದೆ. ಮೂವರೂ ದೊಡ್ಡ ಸ್ಪರ್ಧೆಗಳನ್ನು ಗೆದ್ದವರು. ಯಾರಿಂದ ಶುರು ಮಾಡಲಿ ಎಂದು ಕೇಳಿದ್ದಾರೆ.

ಮೂವರಿಂದಲೂ ಬೇಡ. ಮೆಟ್ನರ್‌ನಿಂದಲೇ ಶುರು ಮಾಡಿ.

ಮಾಸ್ಕೋದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ 1947ರಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಕೂತು ತನ್ನ ಮೂರೂ ಪಿಯಾನೋ ಕನ್ಸರ್ಟೊಗಳನ್ನು ತಾನೇ ನುಡಿಸಿದ. ಆಗ ಅವನಿಗೆ 67 ವರ್ಷ. ಐದು ವರ್ಷದ ಹಿಂದೆ ಹೃದಯಾಘಾತವಾಗಿತ್ತು. ರಷ್ಯಾ ಬಿಟ್ಟು 26 ವರ್ಷವಾಗಿತ್ತು. ಅವನ ಸಂಗೀತ ಕೇಳುವವರು ಕಡಿಮೆ, ಗ್ರಾಮಫೋನ್ ಪ್ಲೇಟು ಮಾಡಿಸುವವರಂತೂ ಇಲ್ಲವೇ ಇಲ್ಲ ಎನ್ನುವಂಥ ಕಾಲ ಅದು. ಆ ಪ್ಲೇಟುಗಳಿಗೆ ಹಣ ಕೊಟ್ಟವರು ಮೈಸೂರಿನ ಮಹಾರಾಜರು, ಜಯಚಾಮರಾಜ ಒಡೆಯರು.

ಯಳಂದೂರಿನ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ಆ ಪ್ಲೇಟುಗಳು ತಯಾರಾಗುವಾಗ ನಿಮ್ಮೂರು ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿದ್ದ ಊರು. ಹೊಳೆಯ ಈಚೆಗಿರುವ ನಮ್ಮ ಕೊಳ್ಳೇಗಾಲ ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದಾಗ ಜಯಚಾಮರಾಜ ಒಡೆಯರು ಮಹಾರಾಜರಾಗಿ ಅಲ್ಲ, ರಾಜ್ಯಪಾಲರಾಗಿ ಇದ್ದರು. ಹಾಗಾಗಿ ಈ ಸಂಗೀತದ ಮೇಲೆ ನಿಮಗೆ ನನಗಿಂತ ಹಳೆಯ ಹಕ್ಕಿದೆ. ಆ ಹಕ್ಕನ್ನು ಬಿಟ್ಟುಕೊಡಬೇಡಿ.

ಒಡೆಯರು ಪಿಯಾನೋವನ್ನು ಅರಮನೆಯ ಹವ್ಯಾಸವಾಗಿ ಹಿಡಿದವರಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗಿತ್ತು. ಟ್ರಿನಿಟಿ ಕಾಲೇಜು 1945ರಲ್ಲಿ ಗೌರವ ಫೆಲೋ ಮಾಡಿಕೊಂಡಿತು. ವೇದಿಕೆಯ ಮೇಲೆ ಪಿಯಾನೋ ವಾದಕನಾಗಿ ಕೂರಬೇಕೆಂಬ ಆಸೆ, ರಖ್ಮಾನಿನೋವ್‌ನ ಹತ್ತಿರ ಕಲಿಯಬೇಕೆಂಬ ಆಸೆ ಅವರಿಗಿತ್ತು. 1940ರ ಮಾರ್ಚ್‌ನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ಹೋದರು, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿಯವರು ಹೋದರು. ಸೆಪ್ಟೆಂಬರ್ 8ರಂದು 21 ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು. ಒಂದೇ ವರ್ಷದಲ್ಲಿ ಎರಡು ಸಾವು, ಒಂದು ಪಟ್ಟ. ಪಿಯಾನೋದ ಆಸೆ ಅಲ್ಲಿಗೆ ಮುಗಿಯಿತು. ಮುಂದೆ ವೀಣೆ ವೆಂಕಟಗಿರಿಯಪ್ಪನವರ ಪಾಠ, ಶ್ರೀವಿದ್ಯಾ ಅಂಕಿತದ 94 ಕೃತಿಗಳು, ಇವೆಲ್ಲ ನಮಗೆ ಗೊತ್ತಿರುವ ಕಥೆ. ಆ ಕೃತಿಗಳನ್ನು ನಮ್ಮ ಕಡೆಯ ಮದುವೆಮನೆಯ ಕಛೇರಿಗಳಲ್ಲೂ ಹಾಡುತ್ತಾರೆ. ಮೆಟ್ನರ್‌ನ ಪ್ಲೇಟುಗಳ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಬಹಳ ವರ್ಷದಿಂದ ಇರುವ ಸಂಕಟ ಇದು. ತಾನು ನುಡಿಸಬೇಕೆಂದುಕೊಂಡಿದ್ದನ್ನು ನುಡಿಸಲಾಗದ ಮನುಷ್ಯ, ಇನ್ನೊಬ್ಬ ನುಡಿಸಿದ್ದು ಅಳಿಯದ ಹಾಗೆ ನೋಡಿಕೊಂಡ. ಇದು ನಮ್ಮ ಚರಿತ್ರೆಯ ಸಣ್ಣ ಸಂಗತಿಯಲ್ಲ.

ಎಚ್‌ಎಂವಿಯ ವಾಲ್ಟರ್ ಲೆಗ್ ಮೈಸೂರಿಗೆ ಬಂದು ನೋಡಿದ್ದನ್ನು ಆಮೇಲೆ ನೆನೆದುಕೊಂಡಿದ್ದಾನೆ. ಅರಮನೆಯ ತುಂಬ ಗ್ರಾಮಫೋನ್ ಪ್ಲೇಟುಗಳು, ಬಗೆಬಗೆಯ ಸ್ಪೀಕರುಗಳು, ಒಂದಲ್ಲ ಹಲವು ಗ್ರ್ಯಾಂಡ್ ಪಿಯಾನೋಗಳು. ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಆಗಿನ್ನೂ ಕೂಸು. ಅದಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಕಾರಾಯನ್ 1949ರಲ್ಲಿ ಬಾಲಕಿರೆವ್‌ನ ಸಿಂಫನಿ ರೆಕಾರ್ಡ್ ಮಾಡಿದ್ದರ ಹಿಂದೆಯೂ ಮೈಸೂರಿನ ಹಣವಿತ್ತು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಹಾಡಿದಾಗಲೂ ಖರ್ಚಿಗೆ ಹೊಣೆಯಾಗಿ ನಿಂತವರು ಇವರೇ. ಇವೆಲ್ಲ ದೊಡ್ಡ ಹೆಸರುಗಳು. ಮೈಸೂರಿನ ನೆರವಿಲ್ಲದಿದ್ದರೂ ಇವತ್ತಲ್ಲ ನಾಳೆ ಯಾರಾದರೂ ಅವರ ಸಂಗೀತವನ್ನು ಹಿಡಿದಿಡುತ್ತಿದ್ದರು. ಮೆಟ್ನರ್‌ನ ಪಾಡು ಹಾಗಲ್ಲ. ಅವನು 1951ರ ನವೆಂಬರಿನಲ್ಲಿ ತೀರಿಕೊಂಡ. ನಾಲ್ಕು ವರ್ಷ ತಡವಾಗಿದ್ದರೆ ಆ ಕೈಯಲ್ಲಿ ಕನ್ಸರ್ಟೊ ಹೇಗೆ ಕೇಳುತ್ತಿತ್ತೆಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಆ ಕಾಲದ ಪ್ಲೇಟು ನೋಡಿದವರಿಗೆ ಗೊತ್ತು, ಕೈಗೆ ಭಾರ, ಬಿದ್ದರೆ ಹಂಚಿನಂತೆ ಚೂರು. ಅದರಲ್ಲಿದ್ದದ್ದು ಅರಗು. ಮರದ ಕೊಂಬೆಗೆ ಕಚ್ಚಿಕೊಂಡು ಬದುಕುವ ಪುಟ್ಟ ಹುಳುವಿನ ಅಂಟು. ಪ್ರಪಂಚಕ್ಕೆಲ್ಲ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ. ರೇಷ್ಮೆಹುಳುವನ್ನು ನಂಬಿಕೊಂಡು ಬಾಳಿದ ಊರಿನಲ್ಲಿ ಕೂತು ಇದನ್ನು ನೆನೆದರೆ ನನಗೆ ಹೇಳಲಾಗದ ಸಂತೋಷವಾಗುತ್ತದೆ. ಒಂದು ಹುಳು ಸೀರೆಗೆ ನೂಲು ಕೊಟ್ಟಿತು, ಇನ್ನೊಂದು ಹುಳು ಸಂಗೀತಕ್ಕೆ ಮೈ ಕೊಟ್ಟಿತು.

ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ನಾಲ್ಕೂವರೆ ನಿಮಿಷದಷ್ಟು ಸಂಗೀತ. ಅರ್ಧ ಗಂಟೆಗೂ ಮೀರಿದ ಕನ್ಸರ್ಟೊವನ್ನು ಎಂಟು ಒಂಬತ್ತು ತುಂಡು ಮಾಡಿ ನುಡಿಸಬೇಕು. ಒಂದು ತುಂಡನ್ನು ಶುರು ಮಾಡಿದರೆ ಮುಗಿಯುವವರೆಗೂ ನಿಲ್ಲಿಸುವಂತಿಲ್ಲ. ನಡುವೆ ಬೆರಳು ತಪ್ಪಿದರೆ ಆ ಜಾಗವನ್ನಷ್ಟೇ ತೆಗೆದು ಬೇರೆ ಸೇರಿಸುವ ಉಪಾಯ ಇರಲಿಲ್ಲ, ಮೊದಲಿನಿಂದ ಮತ್ತೆ ನುಡಿಸಬೇಕು. ಹೃದಯ ಸೋತ ಮುದುಕನೊಬ್ಬ ಇದನ್ನು ಮೂರು ಕನ್ಸರ್ಟೊಗೆ ಮಾಡಿದ. ಸಾಲದ್ದಕ್ಕೆ ಹಾಡುಗಳು, ಪಿಟೀಲಿನ ಜೊತೆ ಸೊನಾಟಾ, 1949ರಲ್ಲಿ ಪಿಯಾನೋ ಕ್ವಿಂಟೆಟ್. ಎಚ್‌ಎಂವಿ ಇವನ್ನು ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ 1948ರಿಂದ ಮೂರು ಸಂಪುಟವಾಗಿ ತಂದಿತು. ಕೇಳುವಾಗ ಅಲ್ಲಲ್ಲಿ ಒಂದೆರಡು ಸ್ವರ ಜಾರುತ್ತವೆ. ಜಾರಲಿ. ಹಿಂದೆ ಎಣ್ಣೆ ಕಾದಂತೆ ಚಿರಚಿರ ಸದ್ದಿರುತ್ತದೆ. ಹತ್ತು ನಿಮಿಷದಲ್ಲಿ ಕಿವಿ ಅದಕ್ಕೆ ಹೊಂದಿಕೊಳ್ಳುತ್ತದೆ.

ಅವನಿಂದಲೇ ಏಕೆ ಶುರು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ.

ಮೆಟ್ನರ್ ಪಿಯಾನೋಗಾಗಿ 14 ಸೊನಾಟಾ ಬರೆದ. ಅವುಗಳ ಜೊತೆಗೆ ಸಣ್ಣ ಸಣ್ಣ ರಚನೆಗಳ ದೊಡ್ಡ ಗೊಂಚಲೇ ಇದೆ. ಅವಕ್ಕೆ ಅವನಿಟ್ಟ ಹೆಸರು ‘ಸ್ಕಾಜ್ಕಿ’. ರಷ್ಯನ್ ಭಾಷೆಯಲ್ಲಿ ‘ಹೇಳು’ ಎಂಬುದರಿಂದಲೇ ಹುಟ್ಟಿದ ಮಾತು, ಅಜ್ಜಿ ಹೇಳುವ ಕತೆಗಳಿಗೂ ಅದೇ ಹೆಸರು. ಇಂಗ್ಲಿಷಿನವರು ಅದನ್ನು ಯಕ್ಷಿಣಿಯರ ಕತೆ ಎಂದು ತಿರುಗಿಸಿಕೊಂಡು ಅರ್ಧ ಕೆಡಿಸಿದ್ದಾರೆ. ಇಲ್ಲಿ ಯಕ್ಷಿಣಿ ಮುಖ್ಯವಲ್ಲ, ಹೇಳುವುದು ಮುಖ್ಯ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಲ್ಲೂರು ಜಾತ್ರೆಯಲ್ಲಿ ರಾತ್ರಿಯಿಡೀ ನೀಲಗಾರರ ಬಳಿ ಕೂತವರು ನಾವು. ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಕತೆ ಹೇಳುವವನು ಎಲ್ಲಿ ಹಾಡುತ್ತಾನೆ, ಎಲ್ಲಿ ಹಾಡು ಬಿಟ್ಟು ಬರಿಯ ಮಾತಿಗೆ ಇಳಿಯುತ್ತಾನೆ, ಎಲ್ಲಿ ಹಿಮ್ಮೇಳಕ್ಕೆ ಎತ್ತಿಕೊಟ್ಟು ತಾನು ಉಸಿರು ತೆಗೆದುಕೊಳ್ಳುತ್ತಾನೆ, ಇದೆಲ್ಲ ನಮ್ಮ ಕಿವಿಗೆ ಗೊತ್ತು. ಮಾದಪ್ಪನ ಕತೆ ಹಾಡುವ ಕಂಸಾಳೆಯವರ ಕೈಯಲ್ಲಿ ತಾಳ ಒಂದು ಲೆಕ್ಕದಲ್ಲಿ ಓಡುತ್ತಿದ್ದರೆ ಬಾಯಿ ಇನ್ನೊಂದು ಲೆಕ್ಕದಲ್ಲಿ ನಿಧಾನಿಸುವುದನ್ನೂ ಕೇಳಿದ್ದೇವೆ. ಮೆಟ್ನರ್‌ನ ಎಡಗೈ ಬಲಗೈ ನಡುವೆ ನಡೆಯುವುದು ಇದೇ ಕೆಲಸ.

ನಮ್ಮ ಬೀದಿಯಲ್ಲಿ ಮಗ್ಗ ಬಿಟ್ಟು ಮನೆಯಲ್ಲಿರುವ ಹಿರಿಯರೊಬ್ಬರಿದ್ದಾರೆ. ಸಂಜೆ ಬಂದು ಜಗಲಿಯ ಮೇಲೆ ಕೂರುತ್ತಾರೆ. ಹೋದ ತಿಂಗಳು ನಾನು ಮೂರನೆಯ ಕನ್ಸರ್ಟೊ ಹಾಕಿದ್ದಾಗ ಕಾಫಿ ಲೋಟ ಕೈಯಲ್ಲಿ ಹಿಡಿದೇ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ, ‘ಇವ್ನು ನಡೂವ ಉಸ್ರು ತಕ್ಕತಾವ್ನ ಸಾ, ಹಾಡ ನಿಲ್ಲುಸ್ಬುಟ್ಟು ಕತ ಹೇಳಾಕ ಹೋಯ್ತಾವ್ನ’ ಎಂದರು. ಮೆಟ್ನರ್ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಲ್ಲಿ ಇಷ್ಟು ಸರಿಯಾದ ಮಾತು ಸಿಕ್ಕಿರಲಿಲ್ಲ.

ಆ ಮೂರನೆಯ ಕನ್ಸರ್ಟೊವನ್ನು ಮೆಟ್ನರ್ ಯುದ್ಧಕಾಲದಲ್ಲಿ ಬರೆದ. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಶಿಷ್ಯೆ ಎಡ್ನಾ ಐಲ್ಸ್ ಮನೆಯವರು ಅವನಿಗೆ ಆಸರೆ ಕೊಟ್ಟಿದ್ದರು. 1944ರ ಫೆಬ್ರವರಿಯಲ್ಲಿ ಆಲ್ಬರ್ಟ್ ಹಾಲ್‌ನಲ್ಲಿ ತಾನೇ ಮೊದಲು ನುಡಿಸಿದ. ಅದನ್ನು ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. ಮೊದಲ ಪುಟದ ಮೇಲೆ ಮೈಸೂರಿನ ಹೆಸರಿದೆ. ಅದಕ್ಕೆ ಬೆನ್ನೆಲುಬಾದದ್ದು ಲೆರ್ಮೊಂತೊವ್‌ನ ಜಲಕನ್ಯೆಯ ಕವಿತೆ. ಬೆಳದಿಂಗಳ ನದಿಯಲ್ಲಿ ಜಲಕನ್ಯೆ ಈಜುತ್ತ ಹಾಡುತ್ತಾಳೆ. ನದಿಯ ತಳದಲ್ಲಿ ಯೋಧನೊಬ್ಬ ಮಲಗಿದ್ದಾನೆ, ಅವಳು ಎಷ್ಟು ಮುದ್ದಿಸಿದರೂ ಏಳುವುದಿಲ್ಲ. ಕವಿತೆ ಅಲ್ಲಿಗೇ ಮುಗಿಯುತ್ತದೆ. ಮೆಟ್ನರ್ ಮುಗಿಸಲಿಲ್ಲ. ಮೂರು ಭಾಗಗಳನ್ನು ನಡುವೆ ನಿಲ್ಲದಂತೆ ಹೊಲಿದ. ಮೊದಲನೆಯದರಲ್ಲಿ ನೀರು ತನ್ನಷ್ಟಕ್ಕೆ ಏರಿ ಇಳಿಯುತ್ತದೆ. ಎರಡನೆಯದು ಬಹಳ ಚಿಕ್ಕದು, ಬಾಗಿಲ ಸಂದಿಯಷ್ಟು. ಕೊನೆಯ ಭಾಗದ ನೆತ್ತಿಯ ಮೇಲೆ ‘ಎಚ್ಚರಗೊಳ್ಳುತ್ತ’ ಎಂದು ಇಟಾಲಿಯನ್‌ನಲ್ಲಿ ಬರೆದಿದ್ದಾನೆ.

ಆ ಎಚ್ಚರವನ್ನು ಮೆಟ್ನರ್ ಹೇಗೆ ನುಡಿಸುತ್ತಾನೆ ಕೇಳಿ. ಬೇರೆಯವರ ಕೈಯಲ್ಲಿ ಅದು ಕಹಳೆಯಂತೆ ಮೊಳಗುತ್ತದೆ. ಇವನ ಕೈಯಲ್ಲಿ ಅಷ್ಟು ಅವಸರವಿಲ್ಲ; ಬಹಳ ಹೊತ್ತು ಮಲಗಿದ್ದವನು ಮೊದಲು ಕಣ್ಣು ಬಿಟ್ಟು, ಆಮೇಲೆ ಮೊಣಕೈ ಊರಿ ಏಳುವಂತಿದೆ. ವಾದ್ಯವೃಂದ ನಡೆಸುತ್ತಿದ್ದ ಇಸ್ಸಾಯ್ ದೊಬ್ರೊವೆನ್ ಕೂಡ ಮಾಸ್ಕೋದಲ್ಲೇ ಕಲಿತವನು. ಒಂದೇ ಊರು ಬಿಟ್ಟು ಬಂದ ಇಬ್ಬರು ಹಳೆಯ ನೆನಪು ಕೆದಕುತ್ತ ಕೂತ ಹಾಗೆ ಪಿಯಾನೋ ಮತ್ತು ಕೊಳಲುಗಳ ನಡುವೆ ಮಾತು ಹೋಗಿ ಬರುತ್ತದೆ.

ಇದು ಕಿವಿಗೆ ಹತ್ತಿದ ಮೇಲೆ ಗೆದ್ದವರ ಬಳಿ ಹೋಗಿ. ಮೊದಲು ಎಮಿಲ್ ಗಿಲೆಲ್ಸ್. 1938ರಲ್ಲಿ ಬ್ರಸೆಲ್ಸ್‌ನ ಇಸಾಯಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದವನು. ಅದೇ ಸ್ಪರ್ಧೆ ಈಗ ರಾಣಿ ಎಲಿಜಬೆತ್ ಹೆಸರಿನಲ್ಲಿ ನಡೆಯುತ್ತದೆ. ರಷ್ಯಾದಲ್ಲಿ ಮೆಟ್ನರ್‌ನ ಹೆಸರು ಹೆಚ್ಚು ಕೇಳದಿದ್ದ ವರ್ಷಗಳಲ್ಲೂ ಅವನನ್ನು ಕೈಬಿಡದೆ ನುಡಿಸಿದ. 1969ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವನು ನುಡಿಸಿದ ನೆನಪಿನ ಸೊನಾಟಾ, ಎ ಮೈನರ್‌ನ ‘ರೆಮಿನಿಸೆಂಜಾ’, ಸಿಕ್ಕರೆ ಬಿಡಬೇಡಿ. ಒಂದೇ ಭಾಗ, ಹದಿನಾಲ್ಕು ನಿಮಿಷ. ಶುರುವಿನಲ್ಲಿ ಬರುವ ಸಣ್ಣ ಎಳೆ ನಡುವೆ ಮತ್ತೊಮ್ಮೆ, ಕೊನೆಗೆ ಮತ್ತೊಮ್ಮೆ ಬರುತ್ತದೆ. ಎಳೆ ಅದೇ, ಅಷ್ಟರಲ್ಲಿ ಕೇಳುವವರು ಬೇರೆಯಾಗಿರುತ್ತಾರೆ. ಉಕ್ಕಿನ ಬೆರಳಿನವನೆಂದು ಹೆಸರಾಗಿದ್ದ ಗಿಲೆಲ್ಸ್ ಆ ಎಳೆಯನ್ನು ರೇಷ್ಮೆಗೂಡಿನಿಂದ ಬಿಚ್ಚುವಷ್ಟು ಹಗುರವಾಗಿ ತೆಗೆಯುತ್ತಾನೆ.

ಮಾರ್ಕ್ ಆಂದ್ರೆ ಹ್ಯಾಮೆಲಿನ್ 1985ರಲ್ಲಿ ಕಾರ್ನೆಗಿ ಹಾಲ್‌ನ ಸ್ಪರ್ಧೆ ಗೆದ್ದವನು. ಹದಿನಾಲ್ಕೂ ಸೊನಾಟಾಗಳನ್ನು ಹೈಪೀರಿಯನ್ ಕಂಪನಿಗೆ ನುಡಿಸಿದ, 1998ರಲ್ಲಿ ನಾಲ್ಕು ಸಿ.ಡಿ.ಯಾಗಿ ಬಂತು. ಹಾಸು ಯಾವುದು ಹೊಕ್ಕು ಯಾವುದೆಂದು ಎಣಿಸಿ ತೋರಿಸುವಷ್ಟು ಸ್ಪಷ್ಟವಾದ ಕೆಲಸ. ಸೊನಾಟಾ ಹೇಗೆ ಕಟ್ಟಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಆದರೆ ಮೊದಲ ದಿನವೇ ಇದನ್ನು ಕೇಳಿದರೆ ನೇಯ್ಗೆ ನೋಡುತ್ತ ಸೀರೆ ಮರೆಯುವ ಅಪಾಯವಿದೆ, ಅದಕ್ಕೇ ಎರಡನೆಯ ಸಾಲಿನಲ್ಲಿಟ್ಟಿದ್ದೇನೆ. 1990ರ ಚೈಕೋವ್‌ಸ್ಕಿ ಸ್ಪರ್ಧೆ ಗೆದ್ದ ಬೆರೆಜೋವ್‌ಸ್ಕಿ ನುಡಿಸಿರುವ ಸ್ಕಾಜ್ಕಿಗಳಲ್ಲಿ ಬಲವಿದೆ, ಓಟವಿದೆ. ಹೇಳುವವನು ಮಾತ್ರ ಕೆಲವು ಕಡೆ ತನ್ನ ಕತೆಗಿಂತ ಮುಂದೆ ಓಡಿಬಿಡುತ್ತಾನೆ.

ಸ್ಪರ್ಧೆಯ ಬಗ್ಗೆ ನನಗೆ ತಕರಾರಿಲ್ಲ. ಗೆದ್ದವರ ಹೆಸರಿನ ಬಲದಿಂದಲೇ ಇವತ್ತು ಮೆಟ್ನರ್ ಜಗತ್ತಿನ ಸಭಾಂಗಣಗಳಲ್ಲಿ ಮತ್ತೆ ಕೇಳುತ್ತಿದ್ದಾನೆ. ಸ್ಪರ್ಧೆಯ ತೀರ್ಪುಗಾರರ ಮುಂದೆ ನುಡಿಸಿ ಪಳಗಿದ ಕೈಗೆ ತಪ್ಪಬಾರದೆಂಬ ಎಚ್ಚರ ಸದಾ ಇರುತ್ತದೆ. ಮೆಟ್ನರ್‌ಗೆ 1947ರಲ್ಲಿ ಆ ಎಚ್ಚರ ಇರಲಿಲ್ಲ. ದೂರದ ಊರಿನ ಯಾರೋ ಒಬ್ಬ ರಾಜ ತನ್ನನ್ನು ಕೇಳಲು ಕಾದಿದ್ದಾನೆ ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು.

ಈಗ ಈ ರೆಕಾರ್ಡಿಂಗ್‌ಗಳಿಗೆ ಅರಗಿನ ಪ್ಲೇಟು ಹುಡುಕಬೇಕಿಲ್ಲ. ಸಿ.ಡಿ.ಯಾಗಿ ಬಂದಿವೆ, ಫೋನಿನಲ್ಲೂ ಸಿಗುತ್ತವೆ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಎಡಗೈ ಪೂರ್ತಿ ಮುಳುಗಿಹೋಗುತ್ತದೆ. ಒಂದು ಸಾಧಾರಣ ಇಯರ್‌ಫೋನ್ ಸಾಕು. ಬೀದಿಯ ಪವರ್‌ಲೂಮುಗಳು ನಿಲ್ಲುವ ಹೊತ್ತಿಗೆ ಕೂತರೆ ಇನ್ನೂ ಒಳ್ಳೆಯದು. ಮೂರನೆಯ ಕನ್ಸರ್ಟೊದ ಶುರುವಿನಲ್ಲಿ ಪಿಯಾನೋ ಬಹಳ ಮೆಲ್ಲಗೆ ಬರುತ್ತದೆ. ಬೇಸಿಗೆಯಲ್ಲಿ ಭರಚುಕ್ಕಿಯ ಮೇಲ್ಗಡೆ ಕಾವೇರಿ ಬಂಡೆಗಳ ನಡುವೆ ಸದ್ದಿಲ್ಲದೆ ಹರಿಯುವುದನ್ನು ನೋಡಿದ್ದೀರಲ್ಲ, ಆ ನೀರಿನ ಹಾಗೆ. ಧುಮುಕುವ ಜಾಗ ಇನ್ನೂ ದೂರವಿದೆ.